ಮಿಷನ್ ಸಂಡೇ ಕಾಣಿಕೆ ಎಲ್ಲಿಗೆ ಹೋಗುತ್ತದೆ?

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಕ್ಕಿಂತ ಹಿಂದಿನ ಭಾನುವಾರ ಜಗತ್ತಿನ ಕಥೋಲಿಕ ಚರ್ಚುಗಳಲ್ಲೆಲ್ಲ ಕಾಣಿಕೆ ಎತ್ತುವುದು ಒಂದೇ ಉದ್ದೇಶಕ್ಕೆ. ಕರಾವಳಿಯ ಎಷ್ಟೋ ಧರ್ಮಕೇಂದ್ರಗಳಲ್ಲಿ ಅಂದು ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಬಾಳೆಗೊನೆ, ತೆಂಗಿನಕಾಯಿ, ಊರಕೋಳಿಗಳ ಏಲಂ ನಡೆಯುತ್ತದೆ. ಸಂತೆಯ ದರಕ್ಕಿಂತ ಹೆಚ್ಚು ಕೂಗಿ ಕೊಳ್ಳುವವರಿಗೆ ಈ ದುಡ್ಡು ‘ಮಿಷನ್‌ಗೆ’ ಎಂಬುದು ಗೊತ್ತು. ಆದರೆ ಪೆಟ್ಟಿಗೆಗೆ ಬಿದ್ದ ನೋಟು ಮುಂದೆ ಯಾರ ಕೈ ಸೇರುತ್ತದೆ, ಅದನ್ನು ಹಂಚುವವರು ಯಾರು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಕೊಡುವವರಿಗೆ ಅದು ಗೊತ್ತಿರಲೇಬೇಕು.

ಹತ್ತು ಜನರ ಗುಂಪು

ಈ ವ್ಯವಸ್ಥೆಯ ಬೇರು ಫ್ರಾನ್ಸಿನ ಲಿಯಾನ್ ನಗರದಲ್ಲಿದೆ. ಪೌಲಿನ್ ಜಾರಿಕೊ ಅಲ್ಲಿನ ರೇಷ್ಮೆ ವ್ಯಾಪಾರಿಯೊಬ್ಬರ ಮಗಳು, ಹುಟ್ಟಿದ್ದು 1799ರಲ್ಲಿ. ಪ್ಯಾರಿಸ್ ಫಾರಿನ್ ಮಿಷನ್ಸ್ ಸಂಸ್ಥೆ ಹಣವಿಲ್ಲದೆ ಕಷ್ಟದಲ್ಲಿದೆ ಎಂಬ ಸುದ್ದಿ ಗುರುದೀಕ್ಷೆಗೆ ಓದುತ್ತಿದ್ದ ಅಣ್ಣನಿಂದ ಅವರಿಗೆ ತಿಳಿಯಿತು. ದೊಡ್ಡ ದಾನಿಗಳನ್ನು ಹುಡುಕುವ ಬದಲು ಅವರು ರೇಷ್ಮೆ ಕೆಲಸದ ಹೆಣ್ಣುಮಕ್ಕಳನ್ನು ಹತ್ತು ಹತ್ತು ಮಂದಿಯ ಗುಂಪುಗಳಾಗಿ ಕಟ್ಟಿದರು. ಪ್ರತಿಯೊಬ್ಬರೂ ದಿನವೂ ಪ್ರಾರ್ಥಿಸಬೇಕು, ವಾರಕ್ಕೊಂದು ಸೂ, ಅಂದರೆ ಅಲ್ಲಿನ ಚಿಲ್ಲರೆ ಕಾಸು, ಕೊಡಬೇಕು. ಗುಂಪಿನ ಹಣವನ್ನು ಒಬ್ಬರು ಕೂಡಿಸಿ, ಹತ್ತು ಗುಂಪುಗಳನ್ನು ನೋಡಿಕೊಳ್ಳುವವರಿಗೆ ಮುಟ್ಟಿಸುವರು.

ಈ ಗುಂಪುಗಳ ಬುನಾದಿಯ ಮೇಲೆ 1822ರ ಮೇ 3ರಂದು ಲಿಯಾನಿನಲ್ಲಿ ‘ವಿಶ್ವಾಸ ಪ್ರಸಾರ ಸಂಘ’ ಹುಟ್ಟಿತು. ಯಾವುದೋ ಒಂದು ದೇಶಕ್ಕಲ್ಲ, ಎಲ್ಲ ಮಿಷನ್‌ಗಳಿಗೂ ನೆರವಾಗಬೇಕೆಂಬುದು ಅದರ ನಿಯಮ. ಕರ್ನಾಟಕಕ್ಕೂ ಈ ಕಥೆಗೂ ನಂಟುಂಟು: ಮೈಸೂರು ಸೀಮೆಯಲ್ಲಿ ದುಡಿದ ಅಬ್ಬೆ ದ್ಯುಬುವಾ ಆ ಪ್ಯಾರಿಸ್ ಸಂಸ್ಥೆಯ ಗುರುಗಳೇ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಮೈಸೂರು, ಬೆಂಗಳೂರುಗಳ ಕಥೋಲಿಕ ಧರ್ಮಸಭೆ ಬೆಳೆದದ್ದು ಆ ಸಂಸ್ಥೆಯ ಗುರುಗಳ ಆರೈಕೆಯಲ್ಲಿ. 2022ರ ಮೇ 22ರಂದು ಪೌಲಿನ್ ಅವರನ್ನು ಲಿಯಾನಿನಲ್ಲೇ ಪುನೀತರೆಂದು ಘೋಷಿಸಲಾಯಿತು.

ನಾಲ್ಕು ಸಂಘಗಳು, ನಾಲ್ಕು ಕೆಲಸಗಳು

ಇಂದು ಪೋಪ್ ಅವರ ಹೆಸರಿನಲ್ಲಿ ನಾಲ್ಕು ಮಿಷನ್ ಸಂಘಗಳಿವೆ. ಮೊದಲನೆಯದು ವಿಶ್ವಾಸ ಪ್ರಸಾರ ಸಂಘ. ಮಿಷನ್ ಸಂಡೇ ಕಾಣಿಕೆ ಸೇರುವುದು ಇದಕ್ಕೆ. ಎರಡನೆಯದು ಮಕ್ಕಳ ಸಂಘ. ನಾನ್ಸಿಯ ಧರ್ಮಾಧ್ಯಕ್ಷ ಶಾರ್ಲ್ ಡ ಫೋರ್ಬೆ-ಜಾನ್ಸೊ 1843ರಲ್ಲಿ ಇದನ್ನು ಆರಂಭಿಸಿದರು. ಮಕ್ಕಳ ಪ್ರಾರ್ಥನೆ ಮತ್ತು ಪುಡಿಕಾಸಿನಿಂದ ಬೇರೆ ಮಕ್ಕಳಿಗೆ ನೆರವು. ಮೂರನೆಯದು 1889ರಲ್ಲಿ ಜಾನ್ ಬಿಗಾರ್ ತಮ್ಮ ತಾಯಿಯೊಂದಿಗೆ ಕಟ್ಟಿದ ಸಂತ ಪೇತ್ರರ ಸಂಘ. ಮಿಷನ್ ನಾಡುಗಳಲ್ಲಿ ಗುರುದೀಕ್ಷೆಗೆ ಓದುತ್ತಿರುವವರ ಖರ್ಚು ಇದರದು. ನಾಲ್ಕನೆಯದನ್ನು 1916ರಲ್ಲಿ ಇಟಲಿಯ ಗುರು ಪಾವ್ಲೊ ಮಾನ್ನಾ ಕಟ್ಟಿದರು. ಇದು ಹಣ ಎತ್ತುವ ಸಂಘವಲ್ಲ. ಗುರುಗಳು, ಸಿಸ್ಟರುಗಳು, ವಿಶ್ವಾಸಿಗಳಲ್ಲಿ ಮಿಷನ್ ಬಗ್ಗೆ ಅರಿವು ಮೂಡಿಸುವುದು ಇದರ ಕೆಲಸ.

ಹಣದ ದಾರಿ

1926ರಲ್ಲಿ ಪೋಪ್ ಹನ್ನೊಂದನೇ ಪಯಸ್ ಮಿಷನ್ ಸಂಡೇಯನ್ನು ಗೊತ್ತುಮಾಡಿದರು. ಧರ್ಮಸಭೆಯ ಕಾನೂನು ಸಂಹಿತೆಯ 791ನೇ ವಿಧಿಯ ಪ್ರಕಾರ ಪ್ರತಿ ಧರ್ಮಕ್ಷೇತ್ರವೂ ವರ್ಷಕ್ಕೊಂದು ದಿನ ಮಿಷನ್ ದಿನ ಆಚರಿಸಬೇಕು, ಈ ಕೆಲಸಕ್ಕೆ ಒಬ್ಬ ಗುರುವನ್ನು ನೇಮಿಸಬೇಕು, ವರ್ಷದ ಮಿಷನ್ ಕಾಣಿಕೆಯನ್ನು ರೋಮಿಗೆ ಕಳುಹಿಸಬೇಕು. 1267ನೇ ವಿಧಿ ಇನ್ನೂ ಬಿಗಿಯಾಗಿದೆ: ಯಾವ ಉದ್ದೇಶಕ್ಕೆಂದು ಕೊಟ್ಟರೋ ಆ ಉದ್ದೇಶಕ್ಕೇ ಕಾಣಿಕೆ ಖರ್ಚಾಗಬೇಕು. ಅಂದಿನ ಕಾಣಿಕೆಯಲ್ಲಿ ಒಂದು ಪಾಲು ತೆಗೆದು ಚರ್ಚಿನ ಸೂರು ರಿಪೇರಿ ಮಾಡಿಸುವಂತಿಲ್ಲ.

ಧರ್ಮಕೇಂದ್ರದ ಹಣ ಧರ್ಮಕ್ಷೇತ್ರದ ಕಚೇರಿಗೆ, ಅಲ್ಲಿಂದ ದೇಶದ ನಿರ್ದೇಶಕರ ಲೆಕ್ಕಕ್ಕೆ ಹೋಗುತ್ತದೆ. ಎಲ್ಲ ದೇಶಗಳದ್ದೂ ಸೇರಿ ಒಂದೇ ನಿಧಿ. ಇತ್ತ ನೆರವು ಬೇಕಾದ ಧರ್ಮಾಧ್ಯಕ್ಷರು ಪೋಪ್ ಅವರ ರಾಯಭಾರಿಯ ಮೂಲಕ ಅರ್ಜಿ ಸಲ್ಲಿಸುತ್ತಾರೆ: ಉಪದೇಶಿಗಳ ತರಬೇತಿ, ಹಳ್ಳಿಯಲ್ಲೊಂದು ಪ್ರಾರ್ಥನಾಲಯ, ದೂರದ ಊರುಗಳಿಗೆ ಓಡಾಡಲು ವಾಹನ. ವರ್ಷಕ್ಕೊಮ್ಮೆ ರೋಮಿನಲ್ಲಿ ಎಲ್ಲ ದೇಶಗಳ ನಿರ್ದೇಶಕರು ಸಭೆ ಸೇರಿ ಯಾವ ಅರ್ಜಿಗೆ ಎಷ್ಟು ಎಂದು ತೀರ್ಮಾನಿಸುತ್ತಾರೆ.

ನೇರವಾಗಿ ಪರಿಚಯದವರಿಗೇ ಕೊಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಕೊಡಬಹುದು, ಅದು ಒಳ್ಳೆಯದೇ. ಆದರೆ ಹಾಗಷ್ಟೇ ಆದರೆ ಚೆನ್ನಾಗಿ ಪತ್ರ ಬರೆಯಬಲ್ಲವರಿಗೆ, ಪರದೇಶದಲ್ಲಿ ನೆಂಟರಿದ್ದವರಿಗೆ ನೆರವು ಹರಿದೀತು. ಯಾರಿಗೂ ಗೊತ್ತಿಲ್ಲದ ಬಡ ಧರ್ಮಕ್ಷೇತ್ರ ಖಾಲಿ ಕೈಯಲ್ಲೇ ಉಳಿದೀತು. ಇಂಥ ಮಿಷನ್ ಧರ್ಮಕ್ಷೇತ್ರಗಳು ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚಿವೆ. ಅವುಗಳಲ್ಲೂ ಅದೇ ಭಾನುವಾರ ಕಾಣಿಕೆ ಎತ್ತುತ್ತಾರೆ. ಇಲ್ಲಿ ಪಡೆಯುವವರೂ ಕೊಡುವವರೇ. ಈ ವ್ಯವಸ್ಥೆಯ ಘನತೆ ಇರುವುದು ಅದರಲ್ಲಿ.

ಪೆಟ್ಟಿಗೆಯ ಆಚೆಗೆ

ನೆರವಿಗೆ ಬೇರೆ ದಾರಿಗಳೂ ಇವೆ. ಒಂದು, ಪೂಜೆ ಕಾಣಿಕೆ. ಗುರುವೊಬ್ಬರು ದಿನಕ್ಕೆ ಎಷ್ಟು ಪೂಜೆ ಅರ್ಪಿಸಿದರೂ ಒಂದರ ಕಾಣಿಕೆಯನ್ನಷ್ಟೇ ಸ್ವಂತಕ್ಕೆ ಇಟ್ಟುಕೊಳ್ಳಬಹುದು. ಕ್ರಿಸ್ಮಸ್ ದಿನಕ್ಕೆ ಮಾತ್ರ ವಿನಾಯಿತಿ. ವಿಶ್ವಾಸಿಗಳು ಹೇಳಿಸುವ ಪೂಜೆಗಳು ಹೆಚ್ಚಾದ ಕಡೆ ಅವನ್ನು ಕಾಣಿಕೆಯ ಸಮೇತ ಮಿಷನ್ ನಾಡಿನ ಗುರುಗಳಿಗೆ ಕಳುಹಿಸುವ ರೂಢಿಯಿದೆ. ಸಂಬಳವೇ ಇಲ್ಲದ ಗುರುವಿಗೆ ಅದೇ ಆ ದಿನದ ಊಟ.

ಇನ್ನೊಂದು, ಅಮೆರಿಕದ ಧರ್ಮಕ್ಷೇತ್ರಗಳಲ್ಲಿರುವ ಕ್ರಮ. ಅಲ್ಲಿನ ಮಿಷನ್ ಕಚೇರಿ ಅರ್ಜಿಗಳನ್ನು ನೋಡಿ, ಬೇಸಿಗೆಯ ಒಂದೊಂದು ವಾರಾಂತ್ಯಕ್ಕೆ ಒಂದೊಂದು ಚರ್ಚಿಗೆ ಒಬ್ಬ ಮಿಷನರಿಯನ್ನು ಗೊತ್ತುಮಾಡುತ್ತದೆ. ಅವರು ಪೂಜೆಯಲ್ಲಿ ತಮ್ಮ ಕೆಲಸದ ಬಗ್ಗೆ ಮಾತಾಡುತ್ತಾರೆ, ಎರಡನೇ ಬಾರಿ ಕಾಣಿಕೆ ಎತ್ತುತ್ತಾರೆ. ಭಾರತದ ಗುರುಗಳೂ ಹೀಗೆ ಹೋಗುವುದುಂಟು. ಆದರೆ ಹೊರದೇಶದ ಹಣವನ್ನು ಇಲ್ಲಿ ಪಡೆಯಲು ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅದನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಮೂರನೆಯದು, ಜನ. 1957ರಲ್ಲಿ ಪೋಪ್ ಹನ್ನೆರಡನೇ ಪಯಸ್, ಆಫ್ರಿಕಕ್ಕೆ ಕೆಲವು ವರ್ಷಗಳ ಮಟ್ಟಿಗಾದರೂ ತಮ್ಮ ಗುರುಗಳನ್ನು ಕಳುಹಿಸಿಕೊಡಿ ಎಂದು ಧರ್ಮಾಧ್ಯಕ್ಷರನ್ನು ಕೇಳಿಕೊಂಡರು. ಮಂಗಳೂರಿನ ಕಡೆಯ ಎಷ್ಟೋ ಕುಟುಂಬಗಳ ಮಕ್ಕಳು ಗುರುಗಳಾಗಿ, ಸಿಸ್ಟರುಗಳಾಗಿ ಈಶಾನ್ಯ ಭಾರತದಲ್ಲೂ ಆಫ್ರಿಕದಲ್ಲೂ ದುಡಿಯುತ್ತಿದ್ದಾರೆ.

ನಿಮ್ಮ ಧರ್ಮಕೇಂದ್ರದಲ್ಲಿ

ಮೊದಲನೆಯದಾಗಿ, ಕಾಣಿಕೆ ಎತ್ತುವ ಹಿಂದಿನ ವಾರವೇ ಅದು ಯಾವುದಕ್ಕೆ ಎಂದು ಪ್ರಕಟಣೆಯಲ್ಲಿ ಬಿಡಿಸಿ ಹೇಳಿ. ಎರಡನೆಯದಾಗಿ, ಪೂಜೆ ಮುಗಿದ ಕೂಡಲೇ ಇಬ್ಬರು ಮೂವರು ಒಟ್ಟಿಗೆ ಕುಳಿತು ಎಣಿಸಿ, ಸಹಿ ಮಾಡಿ, ಏಲಂ ಹಣವನ್ನೂ ಸೇರಿಸಿ ಧರ್ಮಕ್ಷೇತ್ರದ ಕಚೇರಿಗೆ ಕಳುಹಿಸಿ. ಒಟ್ಟು ಮೊತ್ತವನ್ನು ಮುಂದಿನ ಭಾನುವಾರ ಓದಿ ಹೇಳಿ. ಮೂರನೆಯದಾಗಿ, ಧರ್ಮೋಪದೇಶ ತರಗತಿಯ ಮಕ್ಕಳಿಗೆ ಒಂದು ಡಬ್ಬಿಯನ್ನೂ ಒಂದು ಭೂಪಟವನ್ನೂ ಕೊಡಿ. ಅಮೆರಿಕದ ಗುರು ಫುಲ್ಟನ್ ಶೀನ್ 1951ರಲ್ಲಿ ಬಳಕೆಗೆ ತಂದ ಐದು ಬಣ್ಣದ ಜಪಸರ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ: ಹಸಿರು ಆಫ್ರಿಕಕ್ಕೆ, ಕೆಂಪು ಅಮೆರಿಕಕ್ಕೆ, ಬಿಳಿ ಯೂರೋಪಿಗೆ, ನೀಲಿ ಓಷಿಯಾನಿಯಕ್ಕೆ, ಹಳದಿ ಏಷ್ಯಕ್ಕೆ.

ಕಡೆಯದಾಗಿ, ‘ಈ ಸಲ ಎಷ್ಟು ಕೂಡಿತು’ ಎಂಬ ಲೆಕ್ಕದ ಜೊತೆಗೆ ‘ಎಷ್ಟು ಮನೆಗಳವರು ಕೊಟ್ಟರು’ ಎಂಬುದನ್ನೂ ಬರೆದಿಡಿ. ಒಬ್ಬ ಶ್ರೀಮಂತರು ಊರು ಬಿಟ್ಟರೆ ಅವರೊಬ್ಬರ ದೊಡ್ಡ ಕಾಣಿಕೆ ಅಲ್ಲಿಗೆ ನಿಲ್ಲುತ್ತದೆ. ಇನ್ನೂರು ಮನೆಗಳ ಹತ್ತಿಪ್ಪತ್ತು ರೂಪಾಯಿ ವರ್ಷವರ್ಷವೂ ಬರುತ್ತದೆ, ಅದರ ಜೊತೆಗೆ ಇನ್ನೂರು ಮನೆಗಳ ಪ್ರಾರ್ಥನೆಯೂ ಬರುತ್ತದೆ. ಮುಂದಿನ ವರ್ಷವೂ ಹಣ ಬರುತ್ತದೆಂಬ ಭರವಸೆ ಇದ್ದಾಗ ಮಾತ್ರ ದೂರದ ಧರ್ಮಾಧ್ಯಕ್ಷರೊಬ್ಬರು ಹೊಸ ಉಪದೇಶಿಯನ್ನು ಧೈರ್ಯದಿಂದ ನೇಮಿಸಿಕೊಳ್ಳಬಲ್ಲರು.