ನಿಮಗಿದು ಗೊತ್ತೇ? ಒಬ್ಬರೊಳಗೆ ಹಲವು ‘ನಾನು’

● ಒಬ್ಬರೊಳಗೇ ಹಲವು ‘ನಾನು’ಗಳಿರುವ, ಜನ ‘ಮಲ್ಟಿಪಲ್ ಪರ್ಸನಾಲಿಟಿ’ ಎನ್ನುವ ತೊಂದರೆಯನ್ನು 1994ರಿಂದ ಮನೋವೈದ್ಯರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ (ಡಿಐಡಿ) ಎಂದು ಕರೆಯುತ್ತಾರೆ.

● ಇದರ ಬೇರು ಹೆಚ್ಚಾಗಿ ಬಾಲ್ಯದಲ್ಲಿರುತ್ತದೆ. ಮೇಲಿಂದ ಮೇಲೆ ಹಿಂಸೆಗೊಳಗಾದ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಮಗುವಿನ ಮನಸ್ಸು ‘ಇದು ನನಗಾದದ್ದಲ್ಲ’ ಎಂದು ನೋವನ್ನು ದೂರವಿಡುತ್ತದೆ. ಬದುಕುಳಿಯಲು ಅದು ಕಂಡುಕೊಂಡ ಉಪಾಯವಿದು.

● ‘ಆಪ್ತಮಿತ್ರ’ ಸಿನಿಮಾದಲ್ಲಿ (2004) ಗಂಗಾ ನಾಗವಲ್ಲಿಯಾದದ್ದು ಎಲ್ಲರಿಗೂ ನೆನಪಿದೆ. ನಿಜಜೀವನದಲ್ಲಿ ಅಷ್ಟು ಎದ್ದುಕಾಣುವ ಬದಲಾವಣೆ ಅಪರೂಪ. ದನಿ ತುಸು ಬೇರೆಯಾಗಬಹುದು, ನೋಟ ಎಲ್ಲೋ ನೆಟ್ಟಿರಬಹುದು. ಮನೆಯವರಿಗೂ ಗೊತ್ತಾಗದೆ ಹೋಗಬಹುದು.

● ದಿನನಿತ್ಯದ ದೊಡ್ಡ ಕಷ್ಟ ಮರೆವು. ಬ್ಯಾಗಿನಲ್ಲಿ, ಕೊಂಡ ನೆನಪೇ ಇಲ್ಲದ ಬಳೆ, ಜೊತೆಗೆ ಅದರ ಬಿಲ್ಲು. ನೋಟ್‌ಬುಕ್ಕಿನಲ್ಲಿ ತನ್ನದೆನಿಸದ ಅಕ್ಷರ. ‘ನಿನ್ನೆ ನೀವೇ ಹೇಳಿದ್ರಲ್ಲಾ ಮೇಡಂ’ ಎನ್ನುವ ಸಹೋದ್ಯೋಗಿ. ‘ಹೌದ್ಹೌದು’ ಎಂದು ನಕ್ಕು ಸಂಭಾಳಿಸುವಷ್ಟರಲ್ಲೇ ಜೀವ ಹೈರಾಣಾಗಿರುತ್ತದೆ.

● ತಲೆಯೊಳಗೆ ದನಿ ಕೇಳಿಸಿದ ಮಾತ್ರಕ್ಕೆ ಅದು ಸ್ಕಿಜೋಫ್ರೀನಿಯಾ ಅಲ್ಲ. ಡಿಐಡಿ ಇರುವವರಲ್ಲೂ ಇದು ಸಾಮಾನ್ಯ. ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ ಡಿಐಡಿ ಪತ್ತೆಯಾಗಲು ವರ್ಷಗಳೇ ಹಿಡಿಯುವುದುಂಟು.

● ಸಿನಿಮಾಗಳು ಡಿಐಡಿ ಇರುವವರನ್ನು ಕೊಲೆಗಾರರಂತೆ ತೋರಿಸಿವೆ. ವಾಸ್ತವದಲ್ಲಿ ಅಪಾಯವಿರುವುದು ಹೆಚ್ಚಾಗಿ ಅವರಿಗೇ. ಆತ್ಮಹತ್ಯೆಯ ಯತ್ನ ಇವರಲ್ಲಿ ಹೆಚ್ಚು.

● ದೀರ್ಘಕಾಲದ ಆಘಾತ ಕಾಂಪ್ಲೆಕ್ಸ್ ಪಿಟಿಎಸ್‌ಡಿಗೂ (ಆಘಾತದ ನಂತರ ಕಾಡುವ ಸಂಕೀರ್ಣ ಒತ್ತಡದ ಕಾಯಿಲೆ) ಕಾರಣವಾಗುತ್ತದೆ. ಬಾಗಿಲು ಧಡಾರೆಂದರೆ ಎದೆ ಝಲ್ಲೆನ್ನುವುದು, ಯಾರನ್ನೂ ನಂಬಲಾಗದಿರುವುದು, ‘ನಾನು ಯಾವುದಕ್ಕೂ ಬಾರದವಳು’ ಎಂಬ ಭಾವ ಇದರ ಲಕ್ಷಣಗಳು. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲೇ ಇದನ್ನು ವಿವರಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇದು ಪ್ರತ್ಯೇಕ ಕಾಯಿಲೆಯಾಗಿ ಜಾರಿಗೆ ಬಂದದ್ದು 2022ರಲ್ಲಿ.

● ಮನಸ್ಸು ಕಳಚಿಕೊಂಡಂತಾದಾಗ ತಣ್ಣೀರಲ್ಲಿ ಕೈ ಅದ್ದುವುದು, ಕಣ್ಣೆದುರಿನ ಐದು ವಸ್ತುಗಳನ್ನು ಹೆಸರಿಸುವುದು ಹಲವರಿಗೆ ನೆರವಾಗುತ್ತದೆ. ಒಂದೇ ಡೈರಿಯಲ್ಲಿ ಎಲ್ಲ ‘ನಾನು’ಗಳೂ ಬರೆದಿಡುವುದರಿಂದ ತಪ್ಪಿಹೋದ ಹೊತ್ತಿನ ಸುಳಿವು ಸಿಗುತ್ತದೆ.

● ಡಿಐಡಿಯನ್ನೇ ವಾಸಿಮಾಡುವ ಮಾತ್ರೆಯಿಲ್ಲ. ಜೊತೆಗಿರುವ ಖಿನ್ನತೆ, ನಿದ್ರಾಹೀನತೆಗೆ ಔಷಧಿಯುಂಟು. ಮುಖ್ಯ ಚಿಕಿತ್ಸೆ ಮಾತಿನದು: ಮೊದಲು ಸುರಕ್ಷತೆ, ಆಮೇಲೆ ಹಳೆಯ ನೋವು. ವರ್ಷಗಳು ಬೇಕು, ಆದರೆ ಸುಧಾರಣೆ ಖಂಡಿತ ಸಾಧ್ಯ.

● ನಿಮ್ಮ ಆಪ್ತರಿಗೆ ಹೀಗಿದ್ದರೆ ‘ಈಗ ಬಂದಿರೋದು ಯಾರು?’ ಎಂದು ಕೆಣಕಬೇಡಿ, ಹಳೆಯದನ್ನು ಕೆದಕಬೇಡಿ. ಇವತ್ತಿನ ದಿನಾಂಕ, ಇರುವ ಜಾಗ ನೆನಪಿಸಿ, ಪಕ್ಕದಲ್ಲಿ ಕೂರಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೇ ಸಲಹೆ ಸಿಗುತ್ತದೆ.