ಹಿಮ್ಮಡಿ ಎಷ್ಟು ಎತ್ತರ, ಬೆರಳಿಗೆ ಎಷ್ಟು ಜಾಗ

ಜೂನ್ ಬಂತೆಂದರೆ ಗುಂಡ್ಲುಪೇಟೆ, ಚಾಮರಾಜನಗರದ ಸರ್ಕಾರಿ ಶಾಲೆಗಳ ಮಕ್ಕಳು ಪುಸ್ತಕ, ಸಮವಸ್ತ್ರಗಳ ಜೊತೆಗೆ ಕಪ್ಪು ಶೂಗಳನ್ನೂ ಎದುರು ನೋಡುತ್ತಾರೆ. ವಿದ್ಯಾವಿಕಾಸ ಯೋಜನೆಯಡಿ ಒಂದರಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಸಿಗುತ್ತವೆ. ಬೇಸಿಗೆ ರಜೆಯಿಡೀ ಹವಾಯಿ ಚಪ್ಪಲಿಯಲ್ಲೋ ಬರಿಗಾಲಲ್ಲೋ ಹೊಲ, ಕೆರೆ ಏರಿ ಸುತ್ತಿದ ಪಾದ ಒಮ್ಮೆಲೇ ಮುಚ್ಚಿದ ಬೂಟಿನೊಳಗೆ ಸೇರುತ್ತದೆ. ವಾರ ಕಳೆಯುವುದರೊಳಗೆ ಕೆಲವರ ಹಿಮ್ಮಡಿಯ ಮೇಲೆ ಬೊಬ್ಬೆ ಎದ್ದಿರುತ್ತದೆ, ಕೆಲವರ ಕಿರುಬೆರಳು ಕೆಂಪಾಗಿರುತ್ತದೆ. ಹಿರಿಯರ ಸಮಾಧಾನ ಒಂದೇ: ಹೊಸದು ಕಚ್ಚುತ್ತೆ, ನಾಲ್ಕು ದಿನ ಹಾಕ್ಕೊಂಡ್ರೆ ಸರಿಹೋಗುತ್ತೆ.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಬೂಟು ಬದಲಾದಾಗ ಎದುರಾಗುವ ತೊಂದರೆಗಳಲ್ಲಿ ಕೆಲವು ಕಾಲ ಕಳೆದಂತೆ ಕರಗುತ್ತವೆ, ಕೆಲವು ಎಷ್ಟು ದಿನ ತೊಟ್ಟರೂ ಹೋಗುವುದಿಲ್ಲ. ಯಾವುದು ಯಾವ ಬಗೆಯದೆಂದು ತಿಳಿಯಲು ಎರಡು ಅಳತೆಗಳನ್ನು ಅರ್ಥಮಾಡಿಕೊಳ್ಳಬೇಕು. ಒಂದು, ಬೂಟು ಪಾದಕ್ಕೆ ಹೊಂದುವ ಬಗೆ. ಇನ್ನೊಂದು, ಬೂಟಿನೊಳಗೆ ಹಿಮ್ಮಡಿಯಿಂದ ಬೆರಳಿನ ಕಡೆಗಿರುವ ಇಳಿಜಾರು. ಶಾಲೆಯ ಮಗುವಿಗೂ ಬಂಡೀಪುರದ ಕಾಡಿನಲ್ಲಿ ಗಸ್ತು ತಿರುಗುವ ವಾಚರ್‌ಗೂ ಲಡಾಖಿನ ಹಿಮದ ಮೇಲೆ ಹಾಕಿ ಆಡುವ ಆಟಗಾರ್ತಿಗೂ ಈ ಲೆಕ್ಕ ಒಂದೇ.

ಮಡಿಯುವ ಜಾಗ

ಒಂದು ಪಾದದಲ್ಲಿ 26 ಮೂಳೆಗಳಿವೆ, 33 ಕೀಲುಗಳಿವೆ. ನಮ್ಮ ಮೈಯ 206 ಮೂಳೆಗಳಲ್ಲಿ ಕಾಲುಭಾಗ ಎರಡು ಪಾದಗಳಲ್ಲೇ ಇವೆ. ಅಂಗಾಲಿನ ಒಳಬದಿಯಲ್ಲಿ ಹಿಮ್ಮಡಿಯಿಂದ ಹೆಬ್ಬೆರಳ ಬುಡದವರೆಗೆ ಕಮಾನು ಇದೆ. ಅದರ ಕೆಳಗೆ ಗಟ್ಟಿಯಾದ ನಾರಿನ ಪಟ್ಟಿಯೊಂದು ಬಿಗಿದುಕೊಂಡಿದೆ. ಹೆಜ್ಜೆ ಎತ್ತುವಾಗ ಬೆರಳುಗಳು ಮೇಲಕ್ಕೆ ಬಾಗುತ್ತವೆ. ಆಗ ಈ ಪಟ್ಟಿ ಹೆಬ್ಬೆರಳ ಬುಡಕ್ಕೆ ಸುತ್ತಿಕೊಂಡು ಎಳೆಯುತ್ತದೆ, ಕಮಾನು ಎತ್ತರಗೊಳ್ಳುತ್ತದೆ, ಮೆತ್ತಗಿದ್ದ ಪಾದ ನೆಲವನ್ನು ತಳ್ಳಬಲ್ಲ ಗಟ್ಟಿ ಸನ್ನೆಯಾಗುತ್ತದೆ. ಈ ಕ್ರಿಯೆಯನ್ನು 1954ರಲ್ಲಿ ಜೆ. ಎಚ್. ಹಿಕ್ಸ್ ಎಂಬ ತಜ್ಞರು ವಿವರಿಸಿದರು.

ಹಾಗಾಗಿ ಪಾದ ಎಲ್ಲಿ ಮಡಿಯುತ್ತದೋ ಬೂಟಿನ ಅಟ್ಟೆಯೂ ಅಲ್ಲೇ ಮಡಿಯಬೇಕು. ಅಟ್ಟೆ ಒಂದು ಸೆಂಟಿಮೀಟರ್ ಮುಂದೆಯೋ ಹಿಂದೆಯೋ ಮಡಿದರೆ ಪ್ರತಿ ಹೆಜ್ಜೆಯಲ್ಲೂ ಪಾದ ಮತ್ತು ಬೂಟು ಒಂದಕ್ಕೊಂದು ಎದುರು ನಿಲ್ಲುತ್ತವೆ. ಅಂಗಡಿಯಲ್ಲಿ ನಾವು ನೋಡುವುದು ತುದಿಯಿಂದ ತುದಿಯವರೆಗಿನ ಉದ್ದವನ್ನು ಮಾತ್ರ. ಆದರೆ ಉದ್ದ ಒಂದೇ ಇರುವ ಇಬ್ಬರಲ್ಲಿ ಒಬ್ಬರ ಬೆರಳು ಉದ್ದವಾಗಿದ್ದು ಇನ್ನೊಬ್ಬರ ಕಮಾನು ಉದ್ದವಾಗಿರಬಹುದು. ಅಮೆರಿಕದ ಚಾರ್ಲ್ಸ್ ಬ್ರಾನಕ್ 1920ರ ದಶಕದಲ್ಲಿ ರೂಪಿಸಿದ ಪಾದಮಾಪಕ ಇದಕ್ಕಾಗಿಯೇ ಮೂರು ಅಳತೆ ಕೊಡುತ್ತದೆ: ಹಿಮ್ಮಡಿಯಿಂದ ಬೆರಳ ತುದಿಗೆ, ಹಿಮ್ಮಡಿಯಿಂದ ಹೆಬ್ಬೆರಳ ಬುಡಕ್ಕೆ, ಮತ್ತು ಅಗಲ.

ನಂಬರ್ ಹೇಳದ ಅಗಲ

ನಮ್ಮಲ್ಲಿ ಬಳಕೆಯಲ್ಲಿರುವುದು ಬ್ರಿಟಿಷ್ ನಂಬರ್. ಅದರಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಇರುವ ಅಂತರ ಮೂರನೇ ಒಂದು ಅಂಗುಲ, ಅಂದರೆ ಸುಮಾರು 8.5 ಮಿಲಿಮೀಟರ್. ಪಾದ ಎರಡು ನಂಬರುಗಳ ನಡುವೆ ಬಿದ್ದವರು ಬಿಗಿಯಾದುದನ್ನೋ ಸಡಿಲವಾದುದನ್ನೋ ಒಪ್ಪಿಕೊಳ್ಳಬೇಕು. ಅಗಲದ ಬಗ್ಗೆ ಈ ನಂಬರ್ ಏನನ್ನೂ ಹೇಳುವುದಿಲ್ಲ.

ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ 1,01,880 ಜನರ ಪಾದಗಳನ್ನು ಮೂರು ಆಯಾಮಗಳಲ್ಲಿ ಅಳೆಯಿತು. ಭಾರತೀಯರ ಪಾದ ಯುರೋಪಿನವರ ಪಾದಕ್ಕಿಂತ ಸಾಮಾನ್ಯವಾಗಿ ಅಗಲ ಎಂದು ಅದು ಕಂಡುಕೊಂಡಿತು. ಹುಡುಗಿಯರ ಪಾದ ಸುಮಾರು 11ನೇ ವಯಸ್ಸಿನಲ್ಲಿ, ಹುಡುಗರದು 15–16ರಲ್ಲಿ ಬಿರುಸಾಗಿ ಬೆಳೆಯುತ್ತದೆ ಎಂಬುದೂ ಗೊತ್ತಾಯಿತು. ಈ ಅಳತೆಗಳ ಮೇಲೆ ರೂಪುಗೊಂಡ ಭಾರತೀಯ ನಂಬರ್ ವ್ಯವಸ್ಥೆಗೆ ‘ಭಾ’ ಎಂದು ಹೆಸರು.

ಅಗಲ ಸಾಲದಿದ್ದಾಗ ಜನ ಒಂದು ನಂಬರ್ ದೊಡ್ಡದನ್ನು ಕೊಳ್ಳುತ್ತಾರೆ. ಮಕ್ಕಳಿಗಾದರೆ ಬೆಳೆಯುವ ಕಾಲು ಎಂದು ಎರಡು ನಂಬರ್ ದೊಡ್ಡದನ್ನೇ ತರುತ್ತಾರೆ. ಅಗಲ ಸ್ವಲ್ಪ ಸಿಗುತ್ತದೆ ನಿಜ, ಆದರೆ ಅಟ್ಟೆ ಮಡಿಯುವ ಜಾಗ ಮುಂದಕ್ಕೆ ಹೋಗುತ್ತದೆ, ಹಿಮ್ಮಡಿ ಸಡಿಲವಾಗುತ್ತದೆ. ಬೊಬ್ಬೆ ಹುಟ್ಟುವುದು ಇಲ್ಲಿ. ಮೇಲುಚರ್ಮ ಸಾಕ್ಸಿಗೆ ಅಂಟಿಕೊಂಡು ನಿಂತಿರುತ್ತದೆ, ಒಳಗಿನ ಮೂಳೆ ಮಾತ್ರ ಹೆಜ್ಜೆಹೆಜ್ಜೆಗೂ ಮೇಲೆ ಕೆಳಗೆ ಸರಿಯುತ್ತದೆ. ನಡುವಿನ ಪದರಗಳು ಮತ್ತೆ ಮತ್ತೆ ಜಗ್ಗಿ, ಕೊನೆಗೆ ಮೇಲುಚರ್ಮದ ಒಳಗೇ ಹರಿದು ಆ ಬಿರುಕಿನಲ್ಲಿ ನೀರು ತುಂಬುತ್ತದೆ. ಸಾಕ್ಸ್ ಬೆವರಿನಿಂದ ಒದ್ದೆಯಾದರೆ ಅಂಟು ಹೆಚ್ಚುತ್ತದೆ, ಬೊಬ್ಬೆಯೂ ಬೇಗ ಬರುತ್ತದೆ. ಹೊಸ ಶೂವಿನ ಗಡುಸಾದ ಅಂಚು ಕೆಲವು ದಿನಗಳಲ್ಲಿ ಮೆದುವಾಗಬಹುದು. ಎರಡು ನಂಬರ್ ದೊಡ್ಡ ಶೂವಿನಲ್ಲಿ ಹಿಮ್ಮಡಿ ಜಾರುವುದು ನಾಲ್ಕು ದಿನದಲ್ಲೂ ನಿಲ್ಲುವುದಿಲ್ಲ, ನಲವತ್ತು ದಿನದಲ್ಲೂ ನಿಲ್ಲುವುದಿಲ್ಲ.

ಇಳಿಜಾರಿನ ಲೆಕ್ಕ

ಈಗ ಎರಡನೆಯ ಅಳತೆಗೆ ಬರೋಣ. ಹಿಮ್ಮಡಿಯಿಂದ ಹೆಬ್ಬೆರಳ ಬುಡಕ್ಕೆ 16 ಸೆಂಟಿಮೀಟರ್ ಇರುವ ಮಗು ಎಂದುಕೊಳ್ಳಿ. ಶೂವಿನೊಳಗೆ ಹಿಮ್ಮಡಿ ಮುಂಗಾಲಿಗಿಂತ 15 ಮಿಲಿಮೀಟರ್ ಎತ್ತರದಲ್ಲಿದ್ದರೆ ಪಾದ ಐದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮುಂದಕ್ಕೆ ವಾಲುತ್ತದೆ. ಕಾಲಿನ ಗಂಟು ಸ್ವಲ್ಪವೂ ಅಲುಗದೆ ಇಡೀ ಮೈ ಕಂಬದಂತೆ ವಾಲಿದರೆ, ನೆಲದಿಂದ 78 ಸೆಂಟಿಮೀಟರ್ ಎತ್ತರದಲ್ಲಿರುವ ಗುರುತ್ವಕೇಂದ್ರ ಏಳು ಸೆಂಟಿಮೀಟರ್ ಮುಂದಕ್ಕೆ ಹೋಗುತ್ತದೆ. ಅದು ಆ ಮಗುವಿನ ಪಾದದ ಉದ್ದದ ಮೂರನೇ ಒಂದು ಭಾಗ. ಮಗು ಮುಗ್ಗರಿಸುವುದಿಲ್ಲ, ಏಕೆಂದರೆ ಕಾಲಿನ ಗಂಟು ಅಷ್ಟೇ ಡಿಗ್ರಿ ತಿರುಗಿ ಮೈಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಆ ತಿದ್ದುಪಡಿಯ ಬೆಲೆಯನ್ನು ಮೀನಖಂಡ, ಮೊಣಕಾಲು, ಸೊಂಟ ಹಂಚಿಕೊಂಡು ತೆರುತ್ತವೆ.

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ರಸ್ತೆಯಂಥ ಏರಿನಲ್ಲಿ ಈ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯ ಓರೆ ಸುಮಾರು 5.7 ಡಿಗ್ರಿ. ಹತ್ತುವಾಗ ಎತ್ತರದ ಹಿಮ್ಮಡಿ ಆ ಓರೆಯನ್ನು ಬಹುಪಾಲು ಅಳಿಸಿಹಾಕುತ್ತದೆ, ಪಾದಕ್ಕೆ ಸಮನೆಲದ ಅನುಭವವಾಗುತ್ತದೆ. ಇಳಿಯುವಾಗ ಎರಡೂ ಕೂಡಿ 11 ಡಿಗ್ರಿ ದಾಟುತ್ತವೆ. ಪಾದ ಮುಂದಕ್ಕೆ ಜಾರಿ ಬೆರಳುಗಳು ಬೂಟಿನ ಮೂತಿಗೆ ಬಡಿಯುತ್ತವೆ, ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಬೆಟ್ಟ ಹತ್ತುವಾಗ ಹಿತವಾಗಿದ್ದ ಬೂಟು ಇಳಿಯುವಾಗ ಕಾಡುವುದು ಇದೇ ಕಾರಣಕ್ಕೆ. ಇಳಿಯುವ ಮುನ್ನ ಪಾದದ ಮೇಲ್ಭಾಗದಲ್ಲಿ ಲೇಸನ್ನು ಬಿಗಿಯಾಗಿ ಕಟ್ಟಿಕೊಂಡರೆ ಜಾರುವಿಕೆ ಅಲ್ಲೇ ನಿಲ್ಲುತ್ತದೆ.

ಮಿಲಿಮೀಟರಿನ ಆಟ

ಹೊಂದಿಕೆ ಮತ್ತು ಇಳಿಜಾರಿನ ಸಂಬಂಧವನ್ನು ಅತಿ ಸೂಕ್ಷ್ಮವಾಗಿ ಅರಿತವರು ಸ್ಕೇಟ್ ಕಟ್ಟುವವರು. ಲಡಾಖಿನಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳಗಳ ಮೇಲೆ ಐಸ್ ಹಾಕಿ ನಡೆಯುತ್ತದೆ. ಮೈಸೂರು, ಬೆಂಗಳೂರಿನ ಮಕ್ಕಳು ಚಕ್ರದ ಸ್ಕೇಟ್ ಕಲಿಯುತ್ತಾರೆ. ಐಸ್ ಹಾಕಿಯ ಬೂಟು ಬಹಳ ಗಡುಸು. ಅದರ ಕೆಳಗಿನ ಉಕ್ಕಿನ ಅಲಗು ಉದ್ದಕ್ಕೂ ತುಸು ಬಾಗಿರುವುದರಿಂದ ಅದರ ಸ್ವಲ್ಪ ಭಾಗ ಮಾತ್ರ ಹಿಮವನ್ನು ಮುಟ್ಟುತ್ತದೆ. 28 ಸೆಂಟಿಮೀಟರ್ ಉದ್ದದ ಅಲಗಿನ ಹಿಮ್ಮಡಿಯ ಬದಿಯನ್ನು ಎರಡು ಮಿಲಿಮೀಟರ್ ಎತ್ತರಿಸಿದರೆ ಕೋನ ಬದಲಾಗುವುದು 0.4 ಡಿಗ್ರಿ. ಹಿಂದಿನ ಲೆಕ್ಕವನ್ನೇ ಹಾಕಿದರೆ ವಯಸ್ಕರ ಗುರುತ್ವಕೇಂದ್ರ ಸುಮಾರು 7 ಮಿಲಿಮೀಟರ್ ಮುಂದೆ ಹೋಗುತ್ತದೆ. ನಿಲ್ಲಲು ಇಡೀ ಅಂಗಾಲಿರುವ ನಮಗೆ ಅದು ಗೊತ್ತಾಗುವುದಿಲ್ಲ. ಅಲಗಿನ ಮೇಲೆ ನಿಂತವರಿಗೆ ತಕ್ಷಣ ಗೊತ್ತಾಗುತ್ತದೆ.

ಹೊಸ ಬೂಟಿಗೆ ಬದಲಾದಾಗ ಒಳಗಿನ ಹಿಮ್ಮಡಿಯ ಎತ್ತರ, ಅಲಗು ಕೂರುವ ಹಿಡಿಕೆಯ ಎತ್ತರ, ಅಲಗಿನ ಬಾಗು ಮೂರೂ ಒಟ್ಟಿಗೆ ಬದಲಾಗಬಹುದು. ಮೈ ಹೆಚ್ಚು ಮುಂದಕ್ಕೆ ವಾಲಿದರೆ ಭಾರವೆಲ್ಲ ಮುಂಗಾಲಿಗೆ ಬಿದ್ದು ಬೆರಳುಗಳು ಒಳಗೇ ಮುದುಡಿ ಹಿಡಿಯಲು ಯತ್ನಿಸುತ್ತವೆ. ಹಿಂದಕ್ಕೆ ವಾಲಿದರೆ ಭಾರ ಹಿಮ್ಮಡಿಗೆ ಹೋಗಿ ಅಂಗಾತ ಬೀಳುವ ಭಯ ಕಾಡುತ್ತದೆ. ಪರಿಹಾರವಾಗಿ ಬೂಟಿಗೂ ಹಿಡಿಕೆಗೂ ನಡುವೆ ತೆಳುವಾದ ಬಿಲ್ಲೆ ಸೇರಿಸುತ್ತಾರೆ, ಇಲ್ಲವೇ ಅಲಗಿನ ಬಾಗನ್ನು ಮತ್ತೆ ಅರೆದು ಅದರ ನೆತ್ತಿಯನ್ನು ಹಿಂದೆ ಮುಂದೆ ಸರಿಸುತ್ತಾರೆ. ಸಾಲಾಗಿ ಚಕ್ರಗಳಿರುವ ಸ್ಕೇಟಿನಲ್ಲಾದರೆ ಮುಂದೆ ಚಿಕ್ಕ ಚಕ್ರ, ಹಿಂದೆ ದೊಡ್ಡ ಚಕ್ರ ಹಾಕಿ ಇದೇ ಫಲ ಪಡೆಯಬಹುದು.

ಸ್ಕೇಟ್ ಕಟ್ಟುವವರ ಕ್ರಮದಲ್ಲಿ ನಮ್ಮೆಲ್ಲರಿಗೂ ಪಾಠವಿದೆ. ಮೊದಲು ಹೊಂದಿಕೆ, ಆಮೇಲೆ ಇಳಿಜಾರು. ಹಿಮ್ಮಡಿ ಬೂಟಿನೊಳಗೆ ಮೇಲೇಳುತ್ತಿದ್ದರೆ ನಿಜವಾದ ಇಳಿಜಾರು ಎಷ್ಟೆಂದೇ ತಿಳಿಯದು, ಅದನ್ನು ತಿದ್ದಿ ಫಲವಿಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಅದನ್ನೂ ಸ್ವಲ್ಪವೇ ಬದಲಿಸಬೇಕು. ಮುಂದಿನ ಬದಲಾವಣೆಗೆ ಮುನ್ನ ಮೈಗೆ ಅಭ್ಯಾಸವಾಗಲು ಬಿಡಬೇಕು.

ಮೈ ಬದಲಾಗುವ ವೇಗ

ಅಭ್ಯಾಸ ಎಂಬುದು ಬರೀ ಮನಸ್ಸಿನ ಮಾತಲ್ಲ, ಸ್ನಾಯುವಿನ ಉದ್ದವೇ ಬದಲಾಗುತ್ತದೆ. ಐದು ಸೆಂಟಿಮೀಟರಿಗಿಂತ ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ವರ್ಷಗಳ ಕಾಲ ತೊಟ್ಟ ಮಹಿಳೆಯರ ಮೀನಖಂಡದ ಸ್ನಾಯುತಂತುಗಳು ಗಿಡ್ಡವಾಗಿದ್ದವು, ಹಿಮ್ಮಡಿಯ ಸ್ನಾಯುರಜ್ಜು ದಪ್ಪವಾಗಿ ಗಡುಸಾಗಿತ್ತು ಎಂದು 2010ರ ಅಧ್ಯಯನವೊಂದು ತೋರಿಸಿತು. ಅಂಥವರು ಒಮ್ಮೆಲೇ ಚಪ್ಪಟೆ ಚಪ್ಪಲಿಗೆ ಬಂದರೆ ಮೀನಖಂಡ ನೋಯುವುದು ಸಹಜ. ಮೂಳೆಗೆ ಇನ್ನೂ ಹೆಚ್ಚು ಕಾಲ ಬೇಕು. 2013ರಲ್ಲಿ ಅಮೆರಿಕದಲ್ಲಿ ಮಾಮೂಲಿ ಬೂಟು ಬಿಟ್ಟು ತೆಳು ಅಟ್ಟೆಯ ಬೂಟಿಗೆ ಬದಲಾದ ಓಟಗಾರರನ್ನು ಹತ್ತು ವಾರ ಗಮನಿಸಿದಾಗ ಅವರಲ್ಲಿ ಅರ್ಧದಷ್ಟು ಮಂದಿಯ ಪಾದದ ಮೂಳೆಗಳೊಳಗೆ ಊತ ಹೆಚ್ಚಿದ್ದು ಸ್ಕ್ಯಾನಿಂಗ್‌ನಲ್ಲಿ ಕಂಡಿತು.

ಮಕ್ಕಳ ವಿಷಯದಲ್ಲಿ ಮಾರ್ಗದರ್ಶನ ನಮ್ಮ ರಾಜ್ಯದಿಂದಲೇ ಬಂದಿದೆ. ಕರಾವಳಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ಪರಿಶೀಲಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇಕಡಾ 8.6, ತೊಡದವರಲ್ಲಿ ಶೇಕಡಾ 2.8. ಬೆರಳು ಮುಚ್ಚುವ ಶೂ ತೊಟ್ಟವರಲ್ಲಿ ಅತಿ ಹೆಚ್ಚು, ಸ್ಯಾಂಡಲ್ ಚಪ್ಪಲಿಯವರಲ್ಲಿ ಕಡಿಮೆ, ಬರಿಗಾಲಿನವರಲ್ಲಿ ಅತಿ ಕಡಿಮೆ. ಎಳೆವಯಸ್ಸಿನಲ್ಲಿ ಮುಚ್ಚಿದ ಶೂ ತೊಡುವುದು ಕಮಾನು ಬೆಳೆಯಲು ಅಡ್ಡಿಯಾಗುತ್ತದೆ ಎಂಬುದು ಅವರ ನಿಲುವು. ಜಗತ್ತಿನ ಮೂಳೆತಜ್ಞರು ಇಂದಿಗೂ ಉಲ್ಲೇಖಿಸುವ ಅಧ್ಯಯನವಿದು.

ಹಾಗೆಂದು ಬರಿಗಾಲೇ ಮೇಲು ಎಂದು ತೀರ್ಮಾನಿಸಬಾರದು. ಮಲೆ ಮಹದೇಶ್ವರ ಬೆಟ್ಟಕ್ಕೆ ತಾಳುಬೆಟ್ಟದಿಂದ ಬರಿಗಾಲಲ್ಲಿ ಹತ್ತುವ ಭಕ್ತರ ಅಂಗಾಲು ದಪ್ಪಗಟ್ಟಿದರೂ ನೆಲದ ಸ್ಪರ್ಶವನ್ನು ಕಳೆದುಕೊಳ್ಳುವುದಿಲ್ಲ. ದಪ್ಪ ಚರ್ಮ ಸಂವೇದನೆಯನ್ನು ತಗ್ಗಿಸುವುದಿಲ್ಲ ಎಂದು 2019ರಲ್ಲಿ ಕೀನ್ಯಾದ ಜನರ ಅಧ್ಯಯನ ತಿಳಿಸಿದೆ. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಆ ರಕ್ಷಣೆ ಇಲ್ಲ. ಕಲ್ಲು ಚುಚ್ಚಿದ್ದೂ ಅವರಿಗೆ ಗೊತ್ತಾಗದು, ಹೊಸ ಬೂಟು ಕಚ್ಚಿದ್ದೂ ಗೊತ್ತಾಗದು. ಅವರು ದಿನವೂ ಅಂಗಾಲನ್ನು ಕಣ್ಣಿನಿಂದಲೇ ಪರೀಕ್ಷಿಸಿಕೊಳ್ಳಬೇಕು. ಇನ್ನು ಹೊಲದಲ್ಲಿ ಕೊಳಕುಮಂಡಲದ ಕಡಿತ ಬಹುಮಟ್ಟಿಗೆ ಬೀಳುವುದು ಪಾದ, ಕಾಲಿಗೇ. ರೈತರಿಗೂ ಕಾಡಿನ ವಾಚರ್‌ಗಳಿಗೂ ಎತ್ತರದ ಬೂಟು ಜೀವ ಉಳಿಸುವ ಸಾಧನ. ಕಾಲಿಗೆ ಹೊಂದದ ಬೂಟನ್ನು ಜನ ಕಳಚಿಡುತ್ತಾರೆ, ಕಳಚಿಟ್ಟ ಬೂಟು ಯಾರನ್ನೂ ಕಾಯುವುದಿಲ್ಲ.

ಮಾಡಬೇಕಾದದ್ದು

ಪಾದವನ್ನು ಸಂಜೆ ಅಳೆಯಿರಿ, ದಿನವಿಡೀ ನಡೆದ ಪಾದ ತುಸು ಉಬ್ಬಿರುತ್ತದೆ. ಹಾಳೆಯ ಮೇಲೆ ನಿಂತು, ಪೂರ್ತಿ ಭಾರ ಹಾಕಿ, ಎರಡೂ ಪಾದಗಳ ಗೆರೆ ಎಳೆಯಿರಿ. ದೊಡ್ಡ ಪಾದವೇ ಲೆಕ್ಕಕ್ಕೆ. ಬೂಟಿನ ಒಳಹಾಸನ್ನು ಹೊರತೆಗೆದು ಗೆರೆಯ ಮೇಲಿಡಿ. ಉದ್ದನೆಯ ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗವಿರಲಿ, ಗೆರೆ ಎರಡೂ ಬದಿಯಲ್ಲಿ ಒಳಹಾಸಿನಾಚೆ ಹೋಗದಿರಲಿ. ಬೂಟನ್ನು ಮಡಿಸಿದಾಗ ಅದು ಹೆಬ್ಬೆರಳ ಬುಡದಲ್ಲೇ ಮಡಿಯಲಿ. ಹಳೆಯದರ ಮತ್ತು ಹೊಸದರ ಹಿಮ್ಮಡಿಯ ಎತ್ತರವನ್ನು ಹೋಲಿಸಿ. ವ್ಯತ್ಯಾಸ ಹೆಚ್ಚಿದ್ದರೆ ಮೊದಲ ಕೆಲವು ವಾರ ದಿನಕ್ಕೆ ಸ್ವಲ್ಪ ಹೊತ್ತು ಹೊಸದು, ಉಳಿದ ಹೊತ್ತು ಹಳೆಯದು ತೊಡಿ. ಅಂಚಿನ ಗಡುಸು ಮತ್ತು ಮೀನಖಂಡದ ಬಿಗಿತ ದಿನ ಕಳೆದಂತೆ ಇಳಿಯುತ್ತವೆ. ಬೆರಳು ಒತ್ತುವುದು, ಹಿಮ್ಮಡಿ ಜಾರುವುದು, ಅಟ್ಟೆ ತಪ್ಪು ಜಾಗದಲ್ಲಿ ಮಡಿಯುವುದು ಇಳಿಯುವುದಿಲ್ಲ. ಅವುಗಳಿಗೆ ಬೂಟನ್ನೇ ಬದಲಿಸಬೇಕು.

ಶಾಲೆಗಳಲ್ಲಿ ಇದಕ್ಕೆ ಬೇಕಾದದ್ದು ಒಂದು ಮಗುವಿಗೆ ಒಂದು ಹಾಳೆ, ಒಂದು ಪೆನ್ಸಿಲ್, ಎರಡು ನಿಮಿಷ. ಖರೀದಿಗೆ ಮುನ್ನ ಪ್ರತಿ ಮಗುವಿನ ಪಾದದ ಗೆರೆ ಎಳೆದು ಉದ್ದ, ಅಗಲ ಬರೆದಿಟ್ಟುಕೊಂಡರೆ ಶಾಲಾಭಿವೃದ್ಧಿ ಸಮಿತಿ ತರಗತಿಯ ಅಂದಾಜಿನ ಮೇಲೆ ಶೂ ತರಿಸಬೇಕಾಗಿಲ್ಲ. ಏಳನೇ ತರಗತಿಯ ಮಕ್ಕಳೇ ಒಂದನೇ ತರಗತಿಯವರ ಪಾದ ಅಳೆಯಬಹುದು. ಕೋನ, ಸರಾಸರಿ, ಗುರುತ್ವಕೇಂದ್ರ ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗವೂ ಸಿಗದು. ಸರ್ಕಾರದ ಹಣದಿಂದ ಬರುವ ಶೂ ಮಗುವಿನ ಕಾಲಿನಲ್ಲಿ ವರ್ಷವಿಡೀ ಉಳಿಯಬೇಕಾದರೆ ಮೊದಲ ಕೆಲಸ ಆ ಕಾಲನ್ನು ಅಳೆಯುವುದು.