ಬ್ಯಾಸ್ಟಿಲ್ ಸೆರೆಮನೆಯ ಕಿರುಪ್ರತಿಕೃತಿಗಳು

ದೊಡ್ಡದನ್ನು ಚಿಕ್ಕದಾಗಿ ಮಾಡಿ ಕಣ್ಣಮುಂದೆ ಇರಿಸಿಕೊಳ್ಳುವ ಹಂಬಲ ಮಾನವನಲ್ಲಿ ಬಹು ಪ್ರಾಚೀನವಾದುದು. ಮಕ್ಕಳ ಬೊಂಬೆಮನೆಯಿಂದ ಮೊದಲುಗೊಂಡು ವಾಸ್ತುಶಿಲ್ಪಿಯ ಮಾದರಿಯವರೆಗೆ ಈ ಹಂಬಲವು ನಾನಾ ರೂಪಗಳನ್ನು ತಾಳಿದೆ. ಸಾಮಾನ್ಯವಾಗಿ ಜನರು ತಾವು ಪ್ರೀತಿಸಿದ ಮನೆಯನ್ನು, ಪೂಜಿಸಿದ ಗುಡಿಯನ್ನು, ಮೆಚ್ಚಿದ ಅರಮನೆಯನ್ನು ಹೀಗೆ ಕಿರಿದಾಗಿಸಿ ಕಾಪಾಡುತ್ತಾರೆ. ಆದರೆ ಜನರು ಹೆಸರೆತ್ತಲೂ ಅಂಜುತ್ತಿದ್ದ ಒಂದು ಕಟ್ಟಡವು ಕೈಗೆಲಸದ ಕಿರುರೂಪವನ್ನು ತಾಳಿ ದೇಶದ ಮೂಲೆಮೂಲೆಗೆ ಮೆರವಣಿಗೆಯಲ್ಲಿ ಸಾಗಿದ ಉದಾಹರಣೆಯೂ ಇತಿಹಾಸದಲ್ಲಿದೆ. ಅದುವೇ ಫ್ರಾನ್ಸ್ ದೇಶದ ಪ್ಯಾರಿಸ್ ನಗರದ ಬ್ಯಾಸ್ಟಿಲ್.

ಬ್ಯಾಸ್ಟಿಲ್ ಮೂಲತಃ ಸೆರೆಮನೆಯಾಗಿರಲಿಲ್ಲ. ಇಂಗ್ಲಿಷರೊಡನೆ ನಡೆಯುತ್ತಿದ್ದ ದೀರ್ಘ ಯುದ್ಧದ ಕಾಲದಲ್ಲಿ ನಗರದ ಪೂರ್ವದ್ವಾರದ ರಕ್ಷಣೆಗೆಂದು 1370ರಲ್ಲಿ ಈ ಕೋಟೆಯ ನಿರ್ಮಾಣವು ಆರಂಭವಾಯಿತು. ಎಂಟು ಬುರುಜುಗಳು, ಅವುಗಳನ್ನು ಕೂಡಿಸುವ ಸುಮಾರು 24 ಮೀಟರ್ ಎತ್ತರದ ಗೋಡೆಗಳು, ಸುತ್ತಲೂ ಕಂದಕ, ಅದರ ಮೇಲೆ ಎತ್ತುಸೇತುವೆ - ಇದು ಅದರ ಸ್ವರೂಪ. ಹದಿನೇಳನೆಯ ಶತಮಾನದಲ್ಲಿ ಮಂತ್ರಿ ರಿಶಲ್ಯೂವಿನ ಆಡಳಿತದಲ್ಲಿ ಇದು ಮುಖ್ಯವಾಗಿ ರಾಜಕೀಯ ಬಂಧಿಗಳ ಸೆರೆಮನೆಯಾಗಿ ಮಾರ್ಪಟ್ಟಿತು.

ಈ ಸೆರೆಮನೆಯ ಅಪಕೀರ್ತಿಗೆ ಕಾರಣವಾದುದು ಅದರ ಗೋಡೆಗಳ ದಪ್ಪವಲ್ಲ, ಒಂದು ಹಾಳೆ ಕಾಗದ. ರಾಜಮುದ್ರೆಯಿದ್ದ ಆಜ್ಞಾಪತ್ರವೊಂದು ಹೊರಟಿತೆಂದರೆ ಸಾಕು, ಆರೋಪವಿಲ್ಲದೆ, ವಿಚಾರಣೆಯಿಲ್ಲದೆ, ಅವಧಿಯ ನಿರ್ದೇಶವೂ ಇಲ್ಲದೆ ಒಬ್ಬನನ್ನು ಸೆರೆಯಲ್ಲಿಡಬಹುದಾಗಿತ್ತು. ರಾಜಪ್ರತಿನಿಧಿಯನ್ನು ಅಣಕಿಸಿ ಪದ್ಯ ಬರೆದನೆಂಬ ಕಾರಣಕ್ಕೆ ತರುಣ ವಾಲ್ಟೇರನು 1717-18ರಲ್ಲಿ ಸುಮಾರು ಹನ್ನೊಂದು ತಿಂಗಳನ್ನು ಇಲ್ಲಿಯೇ ಕಳೆದನು. ಒಳಗೆ ಹೋದವರ ಸುದ್ದಿ ಹೊರಗೆ ಬಾರದಿದ್ದುದರಿಂದ ಜನರ ಕಲ್ಪನೆಯು ಆ ಬುರುಜುಗಳ ಒಳಗೆ ಇದ್ದುದನ್ನೂ ಇಲ್ಲದುದನ್ನೂ ಕಂಡಿತು.

1789ರ ಜುಲೈ 14ರಂದು ಪ್ಯಾರಿಸಿನ ಜನರು ಈ ಕೋಟೆಯನ್ನು ಮುತ್ತಿದುದು ಅಲ್ಲಿ ಸಂಗ್ರಹಿಸಿಟ್ಟಿದ್ದ ಮದ್ದಿನ ಪೀಪಾಯಿಗಳಿಗಾಗಿ. ಮುತ್ತಿದವರಲ್ಲಿ ನೂರಕ್ಕೆ ಸಮೀಪದಷ್ಟು ಜನ ಪ್ರಾಣ ತೆತ್ತರು. ಕೋಟೆಯ ಅಧಿಪತಿ ದ ಲೋನೆಯು ಶರಣಾದ ಬಳಿಕ ಬೀದಿಯಲ್ಲಿ ಹತನಾದನು. ಬಾಗಿಲುಗಳನ್ನು ತೆರೆದು ನೋಡಲಾಗಿ ಒಳಗಿದ್ದ ಬಂಧಿಗಳು ಏಳು ಮಂದಿ ಮಾತ್ರ! ಅವರಲ್ಲಿ ನಾಲ್ವರು ಹುಂಡಿಗಳ ಖೋಟಾ ಮಾಡಿದವರು, ಇಬ್ಬರು ಬುದ್ಧಿಭ್ರಮಣೆಗೊಂಡವರು, ಒಬ್ಬನು ತನ್ನ ಮನೆತನದವರ ಕೋರಿಕೆಯ ಮೇರೆಗೆ ಬಂಧಿತನಾಗಿದ್ದ ಶ್ರೀಮಂತ.

ಪಿಯೆರ್ ಫ್ರಾಂಸ್ವಾ ಪಾಲ್ವಾ ಎಂಬ ಕಟ್ಟಡದ ಗುತ್ತಿಗೆದಾರನು (1755-1835) ಈ ಕಥೆಯನ್ನು ಪ್ರವೇಶಿಸುವುದು ಇಲ್ಲಿ. ಕೋಟೆ ಬಿದ್ದ ಒಂದೆರಡು ದಿನಗಳಲ್ಲಿಯೇ ಆತನು ನೂರಾರು ಕೂಲಿಕಾರರನ್ನು ಕೂಡಿಸಿಕೊಂಡು ಅದನ್ನು ಕೆಡಹುವ ಕಾರ್ಯಕ್ಕೆ ತೊಡಗಿದನು. ಕೆಡಹಿದ ಕಲ್ಲುಗಳಲ್ಲಿ ಬಹುಭಾಗವು 1791ರಲ್ಲಿ ಪೂರ್ಣಗೊಂಡ ಕಾಂಕಾರ್ಡ್ ಸೇತುವೆಗೆ ಬಳಕೆಯಾಯಿತು. ಆದರೆ ಎಲ್ಲ ಕಲ್ಲುಗಳೂ ಸೇತುವೆಗೆ ಸೇರಿಬಿಟ್ಟರೆ ಮುಂದಿನವರಿಗೆ ಬ್ಯಾಸ್ಟಿಲ್ ಹೇಗಿತ್ತೆಂಬುದು ತಿಳಿಯುವುದೆಂತು? ಪಾಲ್ವಾ ಇದಕ್ಕೊಂದು ಉಪಾಯವನ್ನು ಕಂಡುಕೊಂಡನು. ಬ್ಯಾಸ್ಟಿಲಿನದೇ ಕಲ್ಲಿನವು ಎಂದು ಸಾರಿ, ಆ ಕೋಟೆಯ ಕಿರುಪ್ರತಿಕೃತಿಗಳನ್ನು ತನ್ನ ಕಾರ್ಯಾಗಾರದಲ್ಲಿ ಮಾಡಿಸಿದನು. 1790ರಲ್ಲಿ ಫ್ರಾನ್ಸ್ ದೇಶವು 83 ಆಡಳಿತ ವಿಭಾಗಗಳಾಗಿ ವಿಂಗಡಣೆಗೊಂಡಿದ್ದಿತು. ಒಂದೊಂದು ವಿಭಾಗಕ್ಕೂ ಒಂದೊಂದು ಪ್ರತಿಕೃತಿಯನ್ನು, 'ಸ್ವಾತಂತ್ರ್ಯದ ದೂತರು' ಎಂದು ತಾನೇ ಹೆಸರಿಸಿದ ಪ್ರತಿನಿಧಿಗಳ ಮೂಲಕ ಕಳುಹಿಸಿಕೊಟ್ಟನು. ಅನೇಕ ಊರುಗಳಲ್ಲಿ ಅವುಗಳಿಗೆ ಮೆರವಣಿಗೆಯ ಸ್ವಾಗತ ದೊರೆಯಿತು. ಪಾಲ್ವಾನಲ್ಲಿ ದೇಶಾಭಿಮಾನವೂ ಇದ್ದಿತು, ಹೆಸರಿನ ಆಸೆಯೂ ಇದ್ದಿತು. ಎರಡನ್ನೂ ಬೇರ್ಪಡಿಸಿ ತೂಗುವುದು ಕಷ್ಟ.

ಇಂತಹ ಪ್ರತಿಕೃತಿಯಿಂದ ಆಗುವ ಉಪಕಾರವೇನೆಂಬುದನ್ನು ಶಿಕ್ಷಕರು ಗಮನಿಸತಕ್ಕದ್ದು. ಕೋಟೆಯ ಅಡಿಯಲ್ಲಿ ನಿಂತವನಿಗೆ ಒಂದು ಗೋಡೆ ಮಾತ್ರ ಕಾಣುತ್ತದೆ. ಅವನು ತಲೆಯೆತ್ತಿ ನೋಡಬೇಕಾಗುತ್ತದೆ. ಪ್ರತಿಕೃತಿಯ ಮುಂದೆ ನಿಂತವನಾದರೋ ತಲೆ ಬಾಗಿಸಿ ನೋಡುತ್ತಾನೆ. ಎಂಟು ಬುರುಜುಗಳೂ ಅಂಗಳವೂ ಬಾಗಿಲೂ ಅವನಿಗೆ ಒಮ್ಮೆಗೇ ಗೋಚರಿಸುತ್ತವೆ. ಪ್ಯಾರಿಸನ್ನೇ ಕಾಣದ ದೂರದ ಹಳ್ಳಿಯ ರೈತನು ಯಾವುದಕ್ಕೆ ಇಡೀ ರಾಜಧಾನಿಯೇ ನಡುಗುತ್ತಿತ್ತೋ ಅದನ್ನು ಮೇಜಿನ ಮೇಲೆ ಕಂಡನು. ಭಯವು ಅಳತೆಗೆ ಸಿಕ್ಕಿತು. ಅಳತೆಗೆ ಸಿಕ್ಕ ಭಯವು ಅರ್ಧ ಗೆದ್ದಂತೆ.

ಆದರೆ ಪ್ರತಿಕೃತಿಗೆ ಒಂದು ಮಿತಿಯೂ ಉಂಟು. ಅದು ಕಲ್ಲನ್ನು ತೋರಿಸಬಲ್ಲುದು. ಆ ಕಲ್ಲಿನೊಳಗೆ ಜನರನ್ನು ತಳ್ಳಿದ ಕಾಗದವನ್ನು ತೋರಿಸಲಾರದು. ರಾಜಮುದ್ರೆಯ ಆಜ್ಞಾಪತ್ರಗಳನ್ನು ರಾಷ್ಟ್ರೀಯ ಸಭೆಯು 1790ರ ಮಾರ್ಚ್ ತಿಂಗಳಿನಲ್ಲಿ ಶಾಸನದ ಮೂಲಕ ರದ್ದುಪಡಿಸಿತು. ನಿಜಕ್ಕೂ ಬ್ಯಾಸ್ಟಿಲ್ ಬಿದ್ದುದು ಅಂದೇ ಎಂದರೂ ಸಲ್ಲುವುದು. ಆದರೆ ಆ ಶಾಸನಕ್ಕೆ ಯಾರೂ ಪ್ರತಿಕೃತಿಯನ್ನು ಮಾಡಲಿಲ್ಲ.

ಈ ಮಿತಿಯನ್ನು ಮನಗಾಣಿಸುವ ಪ್ರಸಂಗವೊಂದುಂಟು. ಬ್ಯಾಸ್ಟಿಲಿನ ಕಲ್ಲಿನಿಂದ ಆಟಿಕೆಗಳೂ ತಯಾರಾದವು. ಅವುಗಳಲ್ಲಿ ಡಾಮಿನೋ ಆಟದ ಬಿಲ್ಲೆಗಳ ಒಂದು ಜೊತೆಯು ದೊರೆಯ ಮಗನಾದ ಬಾಲಕ ಲೂಯಿ ಷಾರ್ಲನಿಗೆ ಉಡುಗೊರೆಯಾಗಿ ಸಂದಿತು. ನಿರಂಕುಶತೆಯ ಸೆರೆಮನೆಯು ಮಗುವಿನ ಕೈಯ ಆಟಿಕೆಯಾಯಿತೆಂದು ಕೊಟ್ಟವರು ಹಿಗ್ಗಿರಬೇಕು. ಆದರೆ 1792ರ ಆಗಸ್ಟಿನಲ್ಲಿ ಅದೇ ಬಾಲಕನು ತಂದೆತಾಯಿಗಳೊಡನೆ ಟೆಂಪಲ್ ಎಂಬ ಇನ್ನೊಂದು ಹಳೆಯ ಕೋಟೆಯಲ್ಲಿ ಸೆರೆಯಾದನು. ತಂದೆತಾಯಿಗಳು ವಧಸ್ಥಾನಕ್ಕೆ ಹೋದರು. ತಾನು ಮಾಡಿದ ಅಪರಾಧವೊಂದೂ ಇಲ್ಲದೆ ಆ ಮಗುವು 1795ರ ಜೂನ್ 8ರಂದು, ಹತ್ತು ವರ್ಷದ ಪ್ರಾಯದಲ್ಲಿ, ಆ ಸೆರೆಯಲ್ಲಿಯೇ ಕಣ್ಣು ಮುಚ್ಚಿತು. ಪಾಲ್ವಾ ಕೂಡ ಆ ಭೀಕರ ವರ್ಷಗಳಲ್ಲಿ ಕೆಲಕಾಲ ಸೆರೆಮನೆಯ ಒಳಗನ್ನು ಕಂಡುಬಂದನು. ಒಂದು ಬ್ಯಾಸ್ಟಿಲನ್ನು ಕೆಡಹಿದವರು ವಿಚಾರಣೆಯಿಲ್ಲದ ಸೆರೆಯನ್ನು ಕೆಡಹಿರಲಿಲ್ಲ.

ಇಂದು ಬ್ಯಾಸ್ಟಿಲ್ ಇದ್ದೆಡೆಯಲ್ಲಿ ವಿಶಾಲವಾದ ಚೌಕವಿದೆ. ನಡುವೆ ನಿಂತಿರುವ ಸ್ತಂಭವು 1830ರ ಕ್ರಾಂತಿಯ ಸ್ಮಾರಕವಾಗಿ 1840ರಲ್ಲಿ ಪೂರ್ಣಗೊಂಡುದು. 1899ರಲ್ಲಿ ಸುರಂಗ ರೈಲುಮಾರ್ಗವನ್ನು ಅಗೆಯುವಾಗ ಸಿಕ್ಕ ಒಂದು ಬುರುಜಿನ ಅಡಿಪಾಯವನ್ನು ಸಮೀಪದ ಉದ್ಯಾನವೊಂದರಲ್ಲಿ ಇರಿಸಲಾಗಿದೆ. ಲಾಫಯೆತ್ತನು 1790ರಲ್ಲಿ ಜಾರ್ಜ್ ವಾಷಿಂಗ್ಟನ್ನರಿಗೆ ಕಳುಹಿಸಿದ ಕೋಟೆಯ ಬೀಗದ ಕೈಯು ಅಮೆರಿಕದ ಮೌಂಟ್ ವರ್ನನ್ ಮನೆಯಲ್ಲಿದೆ. ಪಾಲ್ವಾನ ಪ್ರತಿಕೃತಿಗಳಲ್ಲಿ ಉಳಿದವು ಕೆಲವೇ. ಅವುಗಳಲ್ಲಿ ಒಂದನ್ನು ಪ್ಯಾರಿಸಿನ ಕಾರ್ನವಾಲೆ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಶಾಲೆಯ ವಸ್ತುಪ್ರದರ್ಶನಕ್ಕಾಗಿ ವಿದ್ಯಾರ್ಥಿಗಳು ರಟ್ಟಿನಿಂದಲೂ ಜೇಡಿಮಣ್ಣಿನಿಂದಲೂ ಕೋಟೆಗಳನ್ನು ಕಟ್ಟುವುದುಂಟು. ಬುರುಜುಗಳ ಲೆಕ್ಕ ತಪ್ಪದಂತೆ, ಬಾಗಿಲಿನ ದಿಕ್ಕು ತಪ್ಪದಂತೆ ನೋಡಿಕೊಳ್ಳುವುದು ಒಳ್ಳೆಯ ಶಿಕ್ಷಣವೇ ಸರಿ. ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಈ ಗೋಡೆಯೊಳಗೆ ಯಾರಿದ್ದರು, ಯಾರ ಅಪ್ಪಣೆಯಿಂದ ಇದ್ದರು, ಅವರ ಮಾತನ್ನು ಯಾರಾದರೂ ಕೇಳಿದರೇ? ಕೈಯು ಕಟ್ಟಡವನ್ನು ಕಿರಿದಾಗಿಸಿ ಕೊಡುತ್ತದೆ. ಅದರೊಳಗಿದ್ದ ಮನುಷ್ಯರು ಮಾತ್ರ ಕಿರಿದಾಗದಂತೆ ನೋಡಿಕೊಳ್ಳುವುದು ಗುರುವಿನ ಹೊಣೆ.